ತಳಿ, ಏಳನೆಯ ತಟ್ಟೆ

ಭಾನುವಾರವೂ ಬರಬೇಕು. ಹಬ್ಬದ ದಿನವೂ.
ಹೊಸೂರಿನ ಸಿಪ್‌ಕಾಟ್ ಗೇಟಿನಲ್ಲಿ ವಾಚ್‌ಮನ್ ಕೇಳುತ್ತಾನೆ,
"ಎನ್ನಮ್ಮಾ, ಇನ್ನಿಕ್ಕುಮಾ?"
ಊಟ ಹಾಕಬೇಕಲ್ಲಣ್ಣಾ, ಅನ್ನುತ್ತೇನೆ.
ನಾಯಿ ಸಾಕಿದ್ದಾಳೆ ಅಂದುಕೊಂಡಿದ್ದಾನೆ, ಪಾಪ.

ಉಕ್ಕಿನ ಕಪಾಟಿನೊಳಗೆ ಮೂವತ್ತೇಳು ಡಿಗ್ರಿ,
ಬಸಿರಿನ ಕಾವು.
ಹಳೆಯ ಗಂಜಿ ಹೀರಿ ಹೊಸ ಗಂಜಿ ಬಿಡುತ್ತೇನೆ.
ಗಂಜಿಯ ಬಣ್ಣ ಗುಲಾಬಿ, ಹಳಸಿದರೆ ಹಳದಿ.

ಮೊದಲು ಬಾಗಲೂರು ರಸ್ತೆಯ ಹೂವಿನ ಲ್ಯಾಬಿನಲ್ಲಿದ್ದೆ.
ಒಂದು ಚೂರಿನಿಂದ ಸಾವಿರ ಜರ್ಬೆರಾ.
ಅವಕ್ಕೆ ಒಂದೇ ಆಸೆ, ಹೂವಾಗುವುದು.
ಇವಕ್ಕೂ ಒಂದೇ:
ಕರುಳಾಗುವುದು.

ಉಂಡದ್ದು ಮೈಗೆ ಹತ್ತದ ಹುಡುಗ ತಿಮ್ಮರಾಯ, ಆರು ವರ್ಷ.
ಅವನ ಕೆಳಗರುಳಿಂದ ಅಕ್ಕಿನುಚ್ಚಿನಷ್ಟು ಚಿವುಟಿದ್ದು.
ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಓದಿ ಹೇಳಿದವಳು ನಾನೇ.
ಪತ್ರ ತಮಿಳಿನಲ್ಲಿ, ಡಾಕ್ಟರ ಮಾತು ಇಂಗ್ಲಿಷಿನಲ್ಲಿ,
ಸಂಪಂಗಮ್ಮನ ಭಯ ಕನ್ನಡದಲ್ಲಿ.
ಸ್ಟೆಮ್ ಸೆಲ್ ಅನ್ನುವುದಕ್ಕೆ ನನಗೆ ಮಾತೇ ಸಿಗಲಿಲ್ಲ.
ಹೆಪ್ಪು, ಅಂದೆ.
ಒಂದು ಚಮಚ ಹೆಪ್ಪಿದ್ರೆ ಗಡಿಗೆ ಮೊಸರಾಗಲ್ವಾ, ಹಂಗೆ.
"ಹೊತ್ತು ಮುಳುಗಿದ ಮೇಲೆ ಹೆಪ್ಪು ಕೊಡಾಕಿಲ್ಲ ನಮ್ಮನೇಲಿ,"
ಅಂದು ಗೋಡೆಯ ಗಡಿಯಾರ ನೋಡಿದಳು.
ನಾಲ್ಕೂವರೆ.
ಹೆಬ್ಬೆಟ್ಟು ಒತ್ತಿದಳು.

ತಟ್ಟೆಯ ಮೇಲೆ ಹೆಸರು ಬರೆಯುವಂತಿಲ್ಲ, ನಿಯಮ.
ಏಳು, ಅಷ್ಟೇ.
ಪಕ್ಕದಲ್ಲಿ ಸಣ್ಣಗೆ ತಳಿ ಅಂತ ಸೇರಿಸಿದೆ.
ಸೆಲ್ ಲೈನಿಗೆ ಕನ್ನಡದಲ್ಲಿ ತಳಿ ಅಂತಾರೆ ಸಾರ್, ಎಂದೆ ಕೇಳಿದವರಿಗೆ.
ಸುಳ್ಳಲ್ಲ.
ಡೆಂಕಣಿಕೋಟೆ ದಾಟಿ ಆ ಹೆಸರಿನದೇ ಊರಿದೆ,
ಅಲ್ಲಿ ಒಂದು ಹುಡುಗ ಕೆಮ್ಮುತ್ತಾ ಕೂತಿರುತ್ತಾನೆ ಅನ್ನುವುದನ್ನು
ಹೇಳಲಿಲ್ಲ.

ಗಸಗಸೆಗಿಂತ ಸಣ್ಣ ಗುಳ್ಳೆಗಳು.
ಆರನೆಯ ದಿನ ಮೊಗ್ಗು ಒಡೆದವು, ಯಾರೂ ಹೇಳಿಕೊಡದೆ.
ಹೆತ್ತ ಕರುಳು ಅನ್ನುತ್ತೇವೆ, ಕರುಳು ಚುರ್ ಅಂತು ಅನ್ನುತ್ತೇವೆ,
ನಮ್ಮ ಮಾತಿನಲ್ಲಿ ಕರುಳಿಗೆ ಎಷ್ಟೊಂದು ಚಾಕರಿ!
ಇದಕ್ಕೆ ಬಾಯಿಲ್ಲ. ತಾಯಿಯ ಗುರುತಿಲ್ಲ.
ಚುರ್ ಅನ್ನುವುದಂತೂ ದೂರ.
ಆದರೂ ಪಿಪೆಟ್ಟಿನ ಮೊನೆ ತಾಗೀತೆಂದು
ಉಸಿರು ಬಿಗಿಹಿಡಿಯುತ್ತೇನೆ, ಯಾಕೋ.

ಮದ್ದು ಬಿಟ್ಟು ಒಂದು ಗಂಟೆ ಕಾಯಬೇಕು.
ಉಬ್ಬಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ.
ಮೊದಲನೆಯದಕ್ಕೆ ಉಬ್ಬಲಿಲ್ಲ. ಎರಡನೆಯದಕ್ಕೂ.
ಮೂರನೆಯದಕ್ಕೆ ಕರೆಂಟು ಹೋಗಿ
ಹಿತ್ತಿಲಲ್ಲಿ ಜನರೇಟರು ಗುಡುಗತೊಡಗಿತು,
ದೀಪ ಬಂದಾಗ ಕಣ್ಣಿಟ್ಟರೆ
ಎಣ್ಣೆಗೆ ಬಿಟ್ಟ ಪೂರಿ!
ಒಂದು. ಅದರ ಮಗ್ಗುಲಲ್ಲಿ ಇನ್ನೊಂದು.
ಮೂಲೆಯಲ್ಲಿದ್ದದ್ದು ತಡವಾಗಿ, ಸಂಕೋಚದಿಂದ.
ಯಾರಿಗೆ ಹೇಳಲಿ? ಭಾನುವಾರ.
ವಾಚ್‌ಮನ್ನಿಗೆ ಹೇಳಿದೆ. ನಾಯಿ ಮರಿ ಹಾಕಿತೇ ಅಂದ.

ಸೋಮವಾರ ಸಂಪಂಗಮ್ಮ ಬಂದಳು, ಆಸ್ಪತ್ರೆಯ ಚೀಟಿ ಹಿಡಿದು.
ಒಳಗೆ ಬಿಡುವಂತಿಲ್ಲ. ಬಿಟ್ಟೆ.
ಪರದೆಯ ಮುಂದೆ ಚಪ್ಪಲಿ ಬಿಟ್ಟು ನಿಂತಳು.
"ಇದಕ್ಕೆ ಹಸಿವಾಯ್ತದಾ?"
ಇಲ್ಲ.
"ನೋವು?"
ಇಲ್ಲಮ್ಮ.
"ಏನ್ ಕೊಡ್ತೀಯ ಮತ್ತೆ?"
ಸಕ್ಕರೆ, ಉಪ್ಪು, ಇನ್ನೂ ಏನೇನೋ.
"ನಾನೂ ಅದೇ ಕೊಟ್ಟಿದ್ದು," ಅಂದಳು,
"ಅವನಿಗೆ ಹತ್ತಲಿಲ್ಲ. ಇದಕ್ಕೆ ಹತ್ತೈತೆ."
ಮುನಿಸೋ ಸಮಾಧಾನವೋ ನನಗೆ ತಿಳಿಯಲಿಲ್ಲ.

ಆ ಮದ್ದು ಅವನ ಬಾಯಿಗೆ ಬರೋದು ಯಾವಾಗ ಎಂದಳು.
ಮದ್ದಿನ ಬೆಲೆ ನನಗೆ ಗೊತ್ತಿತ್ತು.
ಡಾಕ್ಟರನ್ನ ಕೇಳಿ, ಅಂದೆ,
ಮೂರು ಭಾಷೆ ಬಲ್ಲವಳು.

ಸಂಜೆ ಗೇಟಿನಲ್ಲಿ ಒಂದು ಚೀಲ ಕಾದಿತ್ತು.
ಸೊಗಡವರೆ, ಇಬ್ಬನಿಯ ಅಂಟು ಇನ್ನೂ ಕೈಗೆ ಹತ್ತುವಂಥದ್ದು.
ಆಕೆ ಬಿಟ್ಟು ಹೋದಳಂತೆ.
ಯಾರಿಗೆ ಅಂತ
ವಾಚ್‌ಮನ್ನಿಗೆ ಹೇಳಿರಲಿಲ್ಲ.